ಬಾಳಕದ ಪಕ್ಕ ನಾಲ್ಕು ಸೆಲ್ಲು

ಇವತ್ತು ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಕಿಟಕಿ ಹತ್ರ ನಿಂತಿದ್ದೆ, ಮೂಗಿಗೆ ಒಂದು ವಾಸನೆ ಬಡೀತು. ಬಿಸಿಯಾದ ಪ್ಲಾಸ್ಟಿಕ್ ವಾಸನೆ. ಒಲೆ ಆರಿತ್ತು, ಟೋಸ್ಟರ್ ತಣ್ಣಗಿತ್ತು. ಮೂಗು ಎಳೆದ ಕಡೆ ಹೋಗಿ ನೋಡಿದ್ರೆ ನನ್ನ ಫೋನು! ಕನ್ನಡ ಟೈಪ್ ಮಾಡೋದು ಮೊನ್ನೆ ಮೊನ್ನೆ ಕಲಿತಿದೀನಲ್ಲ, ಅದೇ ಹೊಸ ಫೋನು. ಸೋಫಾ ದಿಂಬಿನ ಕೆಳಗೆ, ಯಾವುದೋ ಕಾಲದ ಕಪ್ಪು ಚಾರ್ಜರ್‌ಗೆ ಸಿಕ್ಕಿಸ್ಕೊಂಡು ಮಲಗಿದೆ. ಮುಟ್ಟಿದ್ರೆ ದೋಸೆ ಕಾವಲಿ.

"ರೀ, ಇದನ್ನ ಯಾರು ಹಾಕಿದ್ದು?"

"ನಾನೇ ಕಣೇ. ಚಾರ್ಜ್ ಕಮ್ಮಿ ಇತ್ತು. ನಿನ್ನ ಚಾರ್ಜರ್ ಸಿಗ್ಲಿಲ್ಲ, ಮೆಟ್ಟಿಲ ಕೆಳಗಿನ ಡಬ್ಬದಿಂದ ಒಂದು ತೆಗೆದೆ. ಹೊಂದ್ತಲ್ಲ!"

ಹೊಂದ್ತಲ್ಲ. ನಮ್ಮ ಯಜಮಾನರ ಈ ಮಾತು ಕೇಳಿದ್ರೆ ನನಗೆ ಅಂಗಾಲಿಂದ ನೆತ್ತಿವರೆಗೂ ಉರಿಯತ್ತೆ. ತೂತಿಗೆ ಹೊಂದಿದ್ರೆ ಸಾಕು, ಅದು ಸರಿಯಾದ ಚಾರ್ಜರ್. ಹಾಗಂದ್ಕೊಂಡೇ ಇವರು ಇಷ್ಟು ವರ್ಷ ಬದುಕಿದಾರೆ. ಆ ಡಬ್ಬ ನೀವು ನೋಡ್ಬೇಕು. ಸತ್ತುಹೋದ ಫೋನಿಂದು, ಕೆಟ್ಟುಹೋದ ಗಡಿಯಾರದ್ದು, ಮಗಳು ಸ್ಕೂಲಲ್ಲಿದ್ದಾಗ ಬಾರಿಸ್ತಿದ್ದ ಕೀಬೋರ್ಡಿಂದು, ಎಲ್ಲದರ ಅಡಾಪ್ಟರೂ ಬಾಲ ಸುತ್ಕೊಂಡು ಅದರಲ್ಲಿ ಬಿದ್ದಿವೆ. ಸಾಮಾನು ಹೋಗಿದೆ, ಬಾಲ ಉಳಿದಿದೆ. ಎಸೀರಿ ಅಂದ್ರೆ "ಯಾವತ್ತಾದ್ರೂ ಬೇಕಾಗತ್ತೆ" ಅಂತಾರೆ. ಬೇಕಾದಾಗ ಏನಾಗತ್ತೆ ಅಂತ ಇವತ್ತು ನೋಡಿದ್ರಲ್ಲ.

ಫೋನು ತಣ್ಣಗಾಗ್ಲಿ ಅಂತ ಕಲ್ಲಿನ ಕಟ್ಟೆ ಮೇಲಿಟ್ಟು ಇವರಿಗೆ ಚೆನ್ನಾಗಿ ಬೈದೆ. ಬೈದು ಮುಗಿಸಿ ಕೂತ್ಕೊಂಡೋಳು ಮತ್ತೆ ಎದ್ದು ಹೋಗಿ ಇನ್ನೊಂದು ಸಲ ಬೈದೆ. ಒಂದು ಫೋನಿಗೋಸ್ಕರ ಇಷ್ಟು ಕೋಪಾನಾ? ಅಲ್ಲ. ಇದು ಹಳೇ ಕೋಪ. ಇಪ್ಪತ್ತು ವರ್ಷದ ಮೇಲಾಯ್ತು, ಇನ್ನೂ ಚಾರ್ಜ್ ಇಳಿದಿಲ್ಲ. ನಿಮಗೆ ಹೇಳ್ಬಿಡ್ತೀನಿ, ಕೂತ್ಕೊಳ್ಳಿ. ಫೋನು ತಣ್ಣಗಾಯ್ತು, ಅದರಲ್ಲೇ ಹೆಬ್ಬೆಟ್ಟಲ್ಲಿ ಟೈಪ್ ಮಾಡ್ತಿದೀನಿ, ನಿಧಾನ ಆಗತ್ತೆ. ಒತ್ತಕ್ಷರ ಬಂದ ಕಡೆ ಸ್ವಲ್ಪ ಉಸಿರು ತಗೋತೀನಿ.

ಇಂಗ್ಲೆಂಡಿನ ಈ ಮ್ಯಾಕಲ್ಸ್‌ಫೀಲ್ಡಿಗೆ ನಾವು ಬಂದಿದ್ದೇ ಇಲ್ಲಿಯ ಔಷಧಿ ಫ್ಯಾಕ್ಟರಿ ಕೆಲಸಕ್ಕೆ. ಇವರು ಅಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗ. ಅಂದ್ರೆ ಬಿಸಿ ಎಷ್ಟು, ಒತ್ತಡ ಎಷ್ಟು ಅಂತ ತೋರಿಸೋ ಮೀಟರ್‌ಗಳನ್ನ ನೋಡ್ಕೊಳ್ಳೋ ಕೆಲಸ. ಅಲ್ಲಿ ಒಂದು ವೈರ್ ಮುಟ್ಟಬೇಕಾದ್ರೆ ಮೊದಲು ಪರ್ಮಿಟ್ ಬರೀಬೇಕು, ಸ್ವಿಚ್ಚಿಗೆ ಬೀಗ ಹಾಕಿ ಬೀಗದ ಕೈ ಜೇಬಲ್ಲಿಟ್ಕೋಬೇಕು, ಕನ್ನಡಕ, ಗ್ಲೌಸು, ಗಟ್ಟಿ ಮೂತಿಯ ಬೂಟು. ಹೊಸಬರಿಗೆಲ್ಲ ಸೇಫ್ಟಿ ಪಾಠ ಹೇಳ್ತಿದ್ದೋರೇ ಇವರು. ಅದಕ್ಕೆ ಒಂದು ಗಾಜಿನ ಕಪ್ ಬೇರೆ ಕೊಟ್ಟಿದ್ರು, ಇವತ್ತಿಗೂ ಶೋಕೇಸಲ್ಲಿದೆ, ನಾನೇ ಧೂಳು ಒರೆಸ್ತೀನಿ. ನಮ್ಮ ಮಗಳು ಶುಭಾ ಸ್ಕೂಲಲ್ಲಿ ಎಲ್ಲರ ಹತ್ರ "ಮೈ ಡ್ಯಾಡ್ ಈಸ್ ದ ಸೇಫ್ಟಿ ಮ್ಯಾನ್" ಅಂತ ಹೇಳ್ಕೊಂಡು ಓಡಾಡ್ತಿದ್ಲು. ಈ ಸೇಫ್ಟಿ ಮ್ಯಾನ್ ಗೇಟು ದಾಟಿ ಮನೆಗೆ ಬಂದ್ರೆ, ಒದ್ದೆ ಕೈಯಲ್ಲಿ ಪ್ಲಗ್ ಕೀಳೋರು. ಸ್ಟೂಲ್ ಮೇಲೆ ಸ್ಟೂಲ್ ಇಟ್ಟು ಬಲ್ಬ್ ಹಾಕೋರು. "ಅಲ್ಲಿ ನೂರಾರು ಜನ ಇರ್ತಾರೆ ಕಣೇ, ರೂಲ್ಸ್ ಬೇಕು. ಇಲ್ಲಿ ನಾವ್ ನಾವೇ ಅಲ್ವಾ?" ಅನ್ನೋರು. ನಾವು ಸತ್ರೆ ಪರವಾಗಿಲ್ಲ ಅಂತ ಅರ್ಥ.

ರಿಟೈರ್ ಆದ್ರು. ತೊಂಬತ್ತರ ದಶಕ ಮುಗೀತಿದ್ದ ಕಾಲ. ಜೊತೆ ಕೆಲಸ ಮಾಡ್ತಿದ್ದ ಒಬ್ಬ ಇಂಗ್ಲಿಷಿನವನು ಶನಿವಾರ ಇವರನ್ನ ಮ್ಯಾಂಚೆಸ್ಟರ್ ಏರ್‌ಪೋರ್ಟ್ ಬೇಲಿ ಹತ್ರ ಕರ್ಕೊಂಡು ಹೋದ. ಅಲ್ಲಿ ಒಂದು ಗುಂಪು ಗಂಡಸರು ಮಡಚೋ ಕುರ್ಚಿ ಹಾಕ್ಕೊಂಡು, ಫ್ಲಾಸ್ಕಲ್ಲಿ ಟೀ ಇಟ್ಕೊಂಡು, ಬರೋ ಹೋಗೋ ವಿಮಾನ ನೋಡ್ತಾ ಕೂತಿರ್ತಾರಂತೆ. ಚಳೀಲಿ! ಪ್ರತಿಯೊಬ್ಬನ ಕೈಯಲ್ಲೂ ಒಂದು ಸ್ಕ್ಯಾನರ್. ವಾಕಿಟಾಕಿ ಥರ ಇರತ್ತೆ, ಆದ್ರೆ ಮಾತಾಡೋಕಾಗಲ್ಲ, ಕೇಳೋಕೆ ಮಾತ್ರ. ಮೇಲಿರೋ ಪೈಲಟ್ಟೂ ಕೆಳಗಿರೋ ಟವರ್ರೂ ಮಾತಾಡೋದು ಅದರಲ್ಲಿ ಕೇಳತ್ತೆ. ಮುಂದಿನ ವಾರವೇ ನಮ್ಮನೆಗೂ ಒಂದು ಬಂತು. ಆನ್ ಮಾಡಿದ್ರೆ ಗೊರ್ ಅಂತ ಶಬ್ದ, ಮಧ್ಯೆ ಎಲ್ಲೋ ಒಂದು ಗಂಡು ದನಿ ಎರಡು ಮಾತಾಡಿ ಮಾಯ. ನಾನು ಅದಕ್ಕೆ ಗೊರಗೊರ ಪೆಟ್ಟಿಗೆ ಅಂತ ಹೆಸರಿಟ್ಟೆ.

ಇದರ ಕಾನೂನು ಕೇಳಿದ್ರೆ ನಗು ಬರತ್ತೆ ನಿಮಗೆ. ಪೆಟ್ಟಿಗೆ ಮನೇಲಿಟ್ಕೊಳ್ಳೋದು ತಪ್ಪಲ್ವಂತೆ, ಅದರಲ್ಲಿ ನಮಗೆ ಹೇಳಿದ್ದಲ್ಲದ ಮಾತು ಕೇಳೋದು ತಪ್ಪಂತೆ. ತಟ್ಟೆ ಮಾರ್ತಾರೆ, ಊಟ ಮಾಡಬಾರದು ಅಂತಾರೆ. "ಪೊಲೀಸರದ್ದು ಕೇಳಬಾರದು ಅಷ್ಟೆ, ವಿಮಾನದ್ದಕ್ಕೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ" ಅಂತ ಇವರು. ಸರಿ, ಗಂಡಸಿಗೆ ರಿಟೈರ್ ಆದ್ಮೇಲೆ ಏನಾದ್ರೂ ಬೇಕಲ್ಲ, ನನ್ನ ಅಡುಗೆಮನೆಗೆ ಬಂದು ಸಾಸಿವೆ ಡಬ್ಬಕ್ಕೆ ಲೇಬಲ್ ಅಂಟಿಸೋದಕ್ಕಿಂತ ವಾಸಿ ಅಂತ ಬಿಟ್ಟೆ.

ಆ ಪೆಟ್ಟಿಗೆಗೆ ನಾಲ್ಕು ಪೆನ್ ಸೆಲ್ಲು ಬೇಕು. ಅದು ಸೆಲ್ ತಿನ್ನೋದು ನೋಡಿದ್ರೆ ಹೊಟ್ಟೇಲಿ ಹುಳ ಇರೋ ಮಗು ಥರ. ಇವತ್ತು ಹಾಕಿದ್ದು ನಾಳೆ ಇಲ್ಲ. ಇವರೇನು ಮಾಡಿದ್ರು ಗೊತ್ತಾ? ನಮ್ಮ ಮೈಸೂರಲ್ಲಿ ಎಲ್ಲರೂ ಮಾಡ್ತಿದ್ದದ್ದೇ. ಟಾರ್ಚಿನ ಸೆಲ್ಲು, ರೇಡಿಯೋ ಸೆಲ್ಲು ಸೋತ್ರೆ ಕಾಂಪೌಂಡ್ ಗೋಡೆ ಮೇಲೆ ಬಿಸಿಲಿಗೆ ಸಾಲಾಗಿ ನಿಲ್ಲಿಸ್ತಿದ್ರು. ಎರಡು ದಿನ ಬಿಸಿಲು ಕಂಡ್ರೆ ಇನ್ನೊಂದು ಸ್ವಲ್ಪ ಹಾಡ್ತಿತ್ತು ರೇಡಿಯೋ. ಪಕ್ಕದಲ್ಲೇ ಸಂಡಿಗೆ, ಪಕ್ಕದಲ್ಲೇ ಅಜ್ಜಿಯ ಶಾಲು. ಎಲ್ಲಕ್ಕೂ ಅದೇ ಬಿಸಿಲು. ಇಲ್ಲಿ ಬಿಸಿಲು ಎಲ್ಲಿಂದ ತರೋದು? ಗೋಡೆಗೆ ಹೊಡೆದಿರೋ ರೇಡಿಯೇಟರೇ ಇಲ್ಲಿಯ ಸೂರ್ಯ. ಅದರ ಮೇಲೆ ನಾನು ಬಾಳಕ ಒಣಗಿಸ್ತೀನಿ, ಅಂದ್ರೆ ಮೆಣಸಿನಕಾಯಿ ಸೀಳಿ ಮಜ್ಜಿಗೆ ಉಪ್ಪಲ್ಲಿ ನೆನೆಸಿ ತಟ್ಟೇಲಿ ಹರವಿ ಇಡ್ತೀನಿ. ಇವರು ಅದರ ಪಕ್ಕ ಸೆಲ್ಲು ನಿಲ್ಲಿಸೋರು. ನನ್ನ ಬಾಳಕಕ್ಕೇನೂ ಆಗ್ತಿರ್ಲಿಲ್ಲ. ಸೆಲ್ಲಿಗೆ ಆಗತ್ತೆ ಅಂತ ನಮಗೇನು ಗೊತ್ತು? ಇವರಿಗೆ ಗೊತ್ತಿರ್ಬೇಕಿತ್ತು. ಗಾಜಿನ ಕಪ್ಪು ಇವರದ್ದು.

ಇನ್ನು ಮಗಳ ವಿಷಯಕ್ಕೆ ಬರ್ತೀನಿ. ಶುಭಾ ಆಗ ಗುಡ್ಡದಾಚೆ ಶೆಫೀಲ್ಡಲ್ಲಿ ಡಾಕ್ಟರು, ಅಲ್ಲೇ ಬ್ರೂಮ್‌ಹಿಲ್ಲಲ್ಲಿ ಮನೆ. ಮೊದಲ ಮಗು, ಹೆಣ್ಣು. ರಜ ಮುಗಿಯೋಕೆ ಒಂದು ತಿಂಗಳಿತ್ತು. ಆಮೇಲೆ ಆಸ್ಪತ್ರೆ ರೋಟಾ, ಅಂದ್ರೆ ಪಾಳಿ ಕೆಲಸದ ಪಟ್ಟಿ, ಗಂಡ ಹೆಂಡತಿ ಇಬ್ರಿಗೂ. ಮಗೂನ ಯಾರು ನೋಡ್ಕೊಳ್ಳೋದು? ನಾನು! ಇನ್ಯಾರು? ಇದು ಅವಳು ಬಸುರಿ ಅಂತ ಗೊತ್ತಾದ ದಿನದಿಂದ ನನ್ನ ತಲೇಲಿ ತೀರ್ಮಾನ ಆಗಿತ್ತು. ಸೋಮವಾರ ಹೋಗೋದು, ವಾರವೆಲ್ಲ ಅಲ್ಲಿರೋದು, ಶುಕ್ರವಾರ ಸಂಜೆ ವಾಪಸ್ಸು. ನಾನು ಆ ಕೆಲಸಕ್ಕೋಸ್ಕರ ಎಷ್ಟು ಕಾಯ್ತಿದ್ದೆ ಅಂದ್ರೆ, ರಾಗಿ ಮೊಳಕೆ ಕಟ್ಟಿ ಹುರಿದು ಪುಡಿ ಮಾಡಿ ಡಬ್ಬ ತುಂಬಿಸಿಟ್ಟಿದ್ದೆ. ಹಳೇ ಸೀರೆ ಹರಿದು ಲಂಗೋಟಿ ಹೊಲಿದಿದ್ದೆ. ಮಗು ಸ್ನಾನಕ್ಕೆ ಹರಳೆಣ್ಣೆ ಊರಿಂದ ತರಿಸಿದ್ದೆ. ಈ ದೇಶಕ್ಕೆ ಬಂದು ನನಗೆ ಅಂತ ಒಂದು ಕೆಲಸ ಸಿಕ್ಕಿದ್ದು ಅದೇ ಮೊದಲು, ತಿಳೀತಾ?

ಅಭ್ಯಾಸ ಆಗ್ಲಿ ಅಂತ ಮುಂಚೆನೇ ಎರಡು ವಾರ ಇದ್ದು ಬರೋಕೆ ಹೋದ್ವಿ. ಇವರ ಜೊತೆ ಗೊರಗೊರ ಪೆಟ್ಟಿಗೇನೂ ಬಂತು. ಮ್ಯಾಂಚೆಸ್ಟರ್‌ಗೆ ಇಳಿಯೋ ವಿಮಾನ ಶೆಫೀಲ್ಡ್ ಮೇಲೇ ಹೋಗತ್ತಂತೆ, ಅಲ್ಲಿ ಇನ್ನೂ ಚೆನ್ನಾಗಿ ಕೇಳತ್ತಂತೆ. ಎರಡನೇ ವಾರದ ಬುಧವಾರ ಮಧ್ಯಾಹ್ನ ಸೆಲ್ ಸೋತ್ವು. ಇವರು ಡಬ್ಬದಿಂದ ತಂದಿದ್ದ ಅಡಾಪ್ಟರ್ ಒಂದನ್ನ ಪೆಟ್ಟಿಗೆಗೆ ಸಿಕ್ಕಿಸಿದ್ರು. ಹೊಂದ್ತಲ್ಲ! ಒಳಗಿದ್ದದ್ದು ಮಾಮೂಲಿ ಸೆಲ್ಲು, ಚಾರ್ಜ್ ಮಾಡೋ ಜಾತೀದಲ್ಲ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಬೆನ್ನು ಬೆಚ್ಚಗಾಯ್ತು ಅಂತ ಸೆಲ್ಲು ತೆಗೆದು, ಮಗು ಮಲಗಿದ್ದ ರೂಮಲ್ಲಿ ರೇಡಿಯೇಟರ್ ಮೇಲೆ, ನನ್ನ ಬಾಳಕದ ತಟ್ಟೆ ಪಕ್ಕ ನಿಲ್ಲಿಸಿದ್ರು. ನಾನು ನೋಡ್ದೆ. "ಇಲ್ಯಾಕ್ರೀ?" ಅಂದೆ. "ಸುಧಾರಿಸ್ಕೊಳ್ಲಿ ಬಿಡೇ" ಅಂದ್ರು, ಸೆಲ್ಲಿಗೆ ಜ್ವರ ಬಂದ ಹಾಗೆ.

ಸಂಜೆ ಶುಭಾ ಮಗೂನ ಎತ್ಕೊಳ್ಳೋಕೆ ಹೋದ್ಲು. ಕೆಳಗೆ ಅಡುಗೆಮನೇಲಿದ್ದ ನನಗೆ ಅವಳ ಕೂಗು ಕೇಳಿಸ್ತು. ಓಡಿ ಹೋದೆ. ಸೆಲ್ಲಿನ ಬುಡದಿಂದ ಅದೆಂಥದೋ ನೀರು ಬಂದು ರೇಡಿಯೇಟರ್ ಮೈ ಮೇಲೆ ಇಳಿದಿತ್ತು. ಅಲ್ಲೇ ಕಂಬಿಗೆ ನೇತುಹಾಕಿದ್ದ ಮಗು ಉಣ್ಣೆ ಟೋಪಿ ಮೇಲೂ ತೊಟ್ಟಿಕ್ಕಿತ್ತು. ಕಟು ವಾಸನೆ. ಮಗು ಏನೂ ಅರಿಯದೆ ಬೆರಳು ಚೀಪ್ತಿತ್ತು.

"ಅಮ್ಮ! ದಿಸ್ ಈಸ್ ಕಾಸ್ಟಿಕ್! ಗೊತ್ತಾ ನಿಂಗೆ? ಇದು ಚರ್ಮ ಸುಡತ್ತೆ. ಕಣ್ಣಿಗೆ ಹೋದ್ರೆ ಕಣ್ಣೇ ಹೋಗತ್ತೆ. ಆ ಟೋಪಿ ನಾನು ನೋಡದೆ ಅವಳ ತಲೆಗೆ ಹಾಕಿದ್ರೆ? ರೇಡಿಯೇಟರ್ ಮೇಲೆ ಏನೂ ಇಡ್ಬೇಡ ಅಂತ ಎಷ್ಟು ಸಲ ಹೇಳಿದೀನಿ ನಿಂಗೆ?"

ನಿಂಗೆ. ನನಗೆ! ನಾನು ತಿರುಗಿ ನೋಡ್ದೆ. ಬಾಗಿಲಲ್ಲಿ ಇವರು ನಿಂತಿದಾರೆ, ಪೇಪರ್ ಮಡಚಿ ಕಂಕುಳಲ್ಲಿಟ್ಕೊಂಡು. ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ ಕಾಯ್ತಿದೀನಿ. ಇವರು ಗಂಟಲು ಸರಿ ಮಾಡ್ಕೊಂಡು ಏನಂದ್ರು ಗೊತ್ತಾ?

"ಹೀಟಿಂಗ್ ಸ್ವಲ್ಪ ಜಾಸ್ತಿ ಇಟ್ಟಿದೀಯ ಅನ್ಸತ್ತೆ ಶುಭಾ."

ಊಟದ ಹೊತ್ತಿಗೆ ತೀರ್ಮಾನ ಬಂತು. ಶುಭಾ ತಟ್ಟೆ ನೋಡ್ಕೊಂಡೇ ಹೇಳಿದ್ಲು, ಕೈಗೂಸುಗಳನ್ನ ನೋಡ್ಕೊಳ್ಳೋ ನರ್ಸರಿ ಇದೆ, ಮಗೂನ ಅಲ್ಲಿಗೆ ಹಾಕ್ತೀನಿ, ಇಟ್ಸ್ ಜಸ್ಟ್ ಸೇಫರ್, ನೀವಿಬ್ರೂ ಆರಾಮಾಗಿರಿ ಅಂತ. ನಾನು ಕೆರೋಸಿನ್ ಸ್ಟೌ ಪಕ್ಕ ಇವಳನ್ನ ಬೆಳೆಸಿದೋಳು. ಒಂದು ಸಲ, ಒಂದೇ ಒಂದು ಸಲಾನೂ ಇವಳ ಬೆರಳಿಗೆ ಬಿಸಿ ತಗಲ್ಲಿಲ್ಲ. ತಪ್ಪು ಮಾಡಿದ್ದು ಒಬ್ರು, ಕೆಲಸ ಹೋಗಿದ್ದು ಇನ್ನೊಬ್ರದ್ದು. ಇವರು ಮಾತ್ರ ಸಾರಿಗೆ ಇನ್ನೊಂದು ಸೌಟು ಹಾಕಿಸ್ಕೊಂಡ್ರು.

"ನೀನೇ ಯಾಕೆ ಹೇಳ್ಲಿಲ್ಲ?" ಅಂತ ನೀವು ಕೇಳ್ತೀರ. ಎಲ್ಲರೂ ಕೇಳಿದ್ರು. ವಾಪಸ್ ಬಂದ್ಮೇಲೆ ಆ ಭಾನುವಾರ ಟಿವಿಡೇಲ್ ಬಾಲಾಜಿ ದೇವಸ್ಥಾನಕ್ಕೆ ಹೋಗಿದ್ವಿ, ನಮ್ಮ ಬೀದಿಯ ಶಾರದಕ್ಕನ ಕಾರಲ್ಲಿ. ಶಾರದಕ್ಕ ಮಂಗಳೂರಿನವರು, ನನಗಿಂತ ದೊಡ್ಡವರು, ಬಾಯಿ ನನಗಿಂತ ಜೋರು. ದರ್ಶನ ಮುಗಿಸಿ ಊಟದ ಹಾಲಲ್ಲಿ ಕೂತಾಗ ಎಲ್ಲ ಹೇಳ್ಕೊಂಡೆ. ಗಂಡಸರು ಆಚೆ ಚಪ್ಪಲಿ ಕಾಯ್ತಿದ್ರು.

"ಎಂತ ಮಾರಾಯ್ತಿ ನೀನು! ಮಗಳಿಗೆ ಹೇಳಿ ಬಿಡುವುದಲ್ವಾ, ನಿನ್ನ ಅಪ್ಪನ ಕೆಲಸ ಅಂತ? ಹೊಟ್ಟೆಯಲ್ಲಿ ಇಟ್ಕೊಂಡು ಎಂತ ಮಾಡ್ತಿ?"

"ನಾನು ಹೇಳಿದ್ರೆ ಅವಳು ನಂಬಲ್ಲ ಅಕ್ಕ. 'ಅಮ್ಮ ಎಲ್ಲಾದಕ್ಕೂ ಅಪ್ಪನ್ನೇ ಬೈತಾಳೆ' ಅಂತ ಚಿಕ್ಕೋಳಿದ್ದಾಗಿಂದ ಅವಳ ಲೆಕ್ಕ. ಅವರ ಬಾಯಿಂದಲೇ ಬರ್ಬೇಕು."

"ಬರುವುದಿಲ್ಲ ನೋಡು. ಈ ಗಂಡಸರ ಬಾಯಿಂದ ತಪ್ಪಾಯಿತು ಅಂತ ಬರಬೇಕಾದ್ರೆ ಬಾಲಾಜಿಯೇ ಇಳಿದು ಬಂದು ಕುತ್ತಿಗೆ ಹಿಡೀಬೇಕು." ಮೊಸರನ್ನ ಕಲಸ್ತಾ ನನ್ನ ಕಡೆ ಬಾಗಿದ್ರು. "ಅವರಿಗೆ ಬೇಕಾದ್ದು ಎಂತ ಉಂಟು? ಅದನ್ನು ತೆಗೆದಿಟ್ಟುಕೋ."

ಮನೆಗೆ ಬಂದು ಚಪ್ಪಲಿ ಬಿಟ್ಟ ತಕ್ಷಣ ನಾನು ಮಾಡಿದ ಮೊದಲ ಕೆಲಸ, ಗೊರಗೊರ ಪೆಟ್ಟಿಗೆ ತಗೊಂಡು ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಿದ್ದು.

"ಎಲ್ಲಿಟ್ಟೆ?"

"ಸುಧಾರಿಸ್ಕೊಳ್ತಿದೆ."

"ತಮಾಷೆ ಬೇಡ ಕಣೇ."

"ಶುಭಾಗೆ ಫೋನ್ ಮಾಡಿ ಸೆಲ್ ಇಟ್ಟಿದ್ದು ಯಾರು ಅಂತ ಹೇಳಿ. ಆಮೇಲೆ ಕೊಡ್ತೀನಿ. ಅಲ್ಲೀತನಕ ಮಾತಿಲ್ಲ."

ಇವರು ಫೋನ್ ಮಾಡ್ಲಿಲ್ಲ. ಸೋಫಾದಲ್ಲಿ ಕೂತು ಕಿಟಕೀಲಿ ವಿಮಾನ ಹೋದಾಗೆಲ್ಲ ಕತ್ತೆತ್ತಿ ನೋಡೋರು, ಯಾರೋ ಕರೆದ ಹಾಗೆ. ನಾನು ಕರಗ್ಲಿಲ್ಲ. ಇವರು ವಾಕಿಂಗ್ ಹೋದಾಗ ಪೆಟ್ಟಿಗೆ ಹೊರಗೆ ತೆಗೆದೆ. ನನಗೆ ತಿಳೀಬೇಕಿತ್ತು, ನನ್ನ ಕೆಲಸ ಕಿತ್ಕೊಂಡಿದ್ದು ಎಂಥಾ ವಸ್ತು ಅಂತ. ಅದರ ಡಬ್ಬದಲ್ಲಿ ಪುಸ್ತಕ ಇತ್ತು, ಪ್ಲಾಸ್ಟಿಕ್ ಕವರ್ ಕೂಡ ಒಡೆದಿರ್ಲಿಲ್ಲ! ಪರ್ಮಿಟ್ ಇಲ್ಲದೆ ಸ್ಕ್ರೂ ಮುಟ್ಟದ ಮನುಷ್ಯ, ಪುಸ್ತಕದ ಕವರ್ ತೆಗೆದಿಲ್ಲ. ನನ್ನ ಇಂಗ್ಲಿಷು ಏನೂ ದೊಡ್ಡದಲ್ಲ, ಆದ್ರೆ ಚಿತ್ರ ಇತ್ತು, ಮತ್ತೆ ಕೋಪ ಇತ್ತು. ಕೋಪ ಇದ್ರೆ ಓದಿದ್ದು ಚೆನ್ನಾಗಿ ತಲೆಗೆ ಹೋಗತ್ತೆ.

ಮೊದಲ ಪುಟದಲ್ಲೇ ಇತ್ತು, ದಪ್ಪ ಅಕ್ಷರದಲ್ಲಿ. ಮಾಮೂಲಿ ಸೆಲ್ಲನ್ನ ಯಾವತ್ತೂ ಚಾರ್ಜ್ ಮಾಡ್ಬೇಡಿ, ಬಿಸಿಯಾಗತ್ತೆ, ಸೋರತ್ತೆ, ಸಿಡೀಲೂಬಹುದು. ಚಾರ್ಜ್ ಮಾಡೋದಾದ್ರೆ ಅದಕ್ಕೇ ಅಂತ ಬೇರೆ ಸೆಲ್ ಬರತ್ತೆ. ಸೆಲ್ ಕೂರಿಸೋ ಜಾಗದಲ್ಲಿ ಇರುವೆ ಗಾತ್ರದ್ದೊಂದು ಸ್ವಿಚ್ಚು, ಒಳಗಿರೋದು ಯಾವ ಜಾತಿ ಅಂತ ಪೆಟ್ಟಿಗೆಗೆ ಹೇಳೋಕೆ. ಹಳೇದೂ ಹೊಸದೂ ಬೆರೆಸಬಾರದು. ಬಿಸಿ ಜಾಗದಲ್ಲಿ ಇಡಬಾರದು. ಸೆಲ್ಲನ್ನ ಬಿಸಿ ಮಾಡಬಾರದು! ಅಚ್ಚು ಹಾಕಿಸಿದಾರೆ ರೀ, ನಮ್ಮನೆ ನೋಡ್ಕೊಂಡು ಬರೆದ ಹಾಗೆ. ಅಡಾಪ್ಟರ್ ಆದ್ರೆ ಎರಡು ವಿಷಯ ನೋಡ್ಬೇಕು. ವೋಲ್ಟು ಪೆಟ್ಟಿಗೆ ಮೇಲೆ ಬರೆದಷ್ಟೇ ಇರ್ಬೇಕು. ಆಮೇಲೆ ಪಿನ್ನಿನ ಪಕ್ಕ ಒಂದು ಸಣ್ಣ ಚಿತ್ರ ಇರತ್ತೆ, ಒಂದು ಚುಕ್ಕಿ, ಅದರ ಸುತ್ತ ಅರ್ಧ ಬಳೆ. ಪ್ಲಸ್ಸು ಚುಕ್ಕಿಗಾ ಬಳೆಗಾ ಅಂತ ನೋಡ್ಬೇಕು. ನಮ್ಮ ಪೆಟ್ಟಿಗೆಗೆ ಚುಕ್ಕಿ ಪ್ಲಸ್ಸು. ಡಬ್ಬದಲ್ಲಿದ್ದ ಅಡಾಪ್ಟರ್‌ಗಳನ್ನೆಲ್ಲ ಟೇಬಲ್ ಮೇಲೆ ಸುರಿದು, ಇವರ ಕನ್ನಡಕ ಹಾಕ್ಕೊಂಡು ಒಂದೊಂದನ್ನೇ ನೋಡ್ದೆ. ಎಲ್ಲಾ ಹೊಂದತ್ತೆ. ಒಂದೂ ಸರಿ ಇಲ್ಲ.

ಸೋರಿದ್ದು ಪೆಟ್ಟಿಗೆ ಒಳಗೂ ಸ್ವಲ್ಪ ಬಿಳೀ ಪುಡಿ ಆಗಿ ಕೂತಿತ್ತು. ಪಾತ್ರೆ ತೊಳೆಯೋ ರಬ್ಬರ್ ಗ್ಲೌಸ್ ಹಾಕ್ಕೊಂಡು, ಹತ್ತೀಲಿ ವಿನೆಗರ್ ಒಂದೇ ತೊಟ್ಟು ಅದ್ದಿ, ತಂತಿಗೆ ಮೆತ್ತಗೆ ಒರೆಸ್ದೆ. ಬುಸ್ ಅಂತ ಸಣ್ಣ ನೊರೆ ಬಂತು. ಒಣಬಟ್ಟೇಲಿ ಒರೆಸಿ ಒಂದು ದಿನ ಹಾಗೇ ಬಿಟ್ಟೆ. ಮಾರನೇ ದಿನ ಅಂಗಡಿಗೆ ಹೋಗಿ ನಾಲ್ಕೂ ಒಂದೇ ಥರದ ಹೊಸ ಮಾಮೂಲಿ ಸೆಲ್ ತಂದು ಹಾಕಿದೆ. ಅಡಾಪ್ಟರ್ ಇಲ್ಲ, ಏನಿಲ್ಲ. ಮೊದಲು ಏರಿಯಲ್ ತಿರುಪಿ ಕೂರಿಸಿ, ದನಿ ಸಣ್ಣದು ಮಾಡಿ, ಆಮೇಲೆ ಆನ್.

ಗೊರ್! ಅದನ್ನ ನಿಲ್ಲಿಸೋಕೆ ಒಂದು ತಿರುಗಣೆ ಇದೆ, ಸ್ಕ್ವೆಲ್ಚ್ ಅಂತಾರೆ. ಮೆಲ್ಲಗೆ ತಿರುಗಿಸ್ತಾ ಹೋಗ್ಬೇಕು, ಗೊರಗೊರ ಎಲ್ಲಿ ನಿಲ್ಲತ್ತೋ ಅಲ್ಲಿಗೆ ಸಾಕು. ಇನ್ನೂ ತಿರುಗಿಸಿದ್ರೆ ದೂರದ ದನಿಗಳೂ ಬಾಯಿ ಮುಚ್ಕೊಳ್ತವೆ. ಇವರು ಯಾವಾಗ್ಲೂ ಕೊನೇತನಕ ತಿರುಗಿಸಿ, "ಇವತ್ತು ಟ್ರಾಫಿಕ್ಕೇ ಇಲ್ಲ" ಅಂತಿದ್ರು! ಆಮೇಲೆ ವಿಮಾನದ ಮಾತಿಗೆ ಎಎಂ ಅಂತ ಇಡ್ಬೇಕು, ಎಫ್‌ಎಂ ಅಲ್ಲ. ಹುಡುಕು ಅಂತ ಗುಂಡಿ ಒತ್ತಿದ್ರೆ ತಾನೇ ಒಂದೊಂದು ಮೆಟ್ಟಿಲು ಹತ್ತಿ ಹುಡುಕತ್ತೆ, ಮಾತು ಸಿಕ್ಕಿದ ಕಡೆ ನಿಲ್ಲತ್ತೆ. ಒಂದು ಕಡೆ ಮಾತ್ರ ನಿಂತ್ರೆ ಮುಂದೆ ಹೋಗೋದೇ ಇಲ್ಲ. ಅಲ್ಲೊಬ್ಬ ಗಾಳಿ ಎಷ್ಟು, ಮೋಡ ಎಷ್ಟು ಅಂತ ಒಂದೇ ಸಮ ಹೇಳ್ತಾನೇ ಇರ್ತಾನೆ. ಅಂಥವರಿಗೆ ಲಾಕೌಟ್ ಅಂತ ಗುಂಡಿ. ಒತ್ತಿದ್ರೆ ಪೆಟ್ಟಿಗೆ ಅವನನ್ನ ದಾಟ್ಕೊಂಡು ಹೋಗತ್ತೆ. ಆ ಗುಂಡಿ ಮನುಷ್ಯರಿಗೂ ಇದ್ದಿದ್ರೆ ಅಂತ ಇವರ ಖಾಲಿ ಸೋಫಾ ಕಡೆ ನೋಡ್ದೆ.

ಇನ್ನು ಕೇಳಿದ್ದೇ ಕೇಳಿದ್ದು. ಅಡುಗೆಮನೆ ಬಾಗಿಲು ಹಾಕ್ಕೊಂಡು, ಬೇಳೆ ಬೇಯೋವಾಗ, ಹೂರಣ ರುಬ್ಬೋವಾಗ. ಕೆಳಗಿನವನು ಹೇಳ್ತಾನೆ, ಇಷ್ಟು ಎತ್ತರಕ್ಕೆ ಇಳಿ, ಇಷ್ಟು ತಿರುಗು. ಮೇಲಿನವನು ಅದನ್ನ ಹಾಗೇ ತಿರುಗಿ ಒಪ್ಪಿಸ್ಬೇಕು, ಸ್ಕೂಲಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ಒಂದು ದಿನ ಒಬ್ಬ ಪೈಲಟ್ ಅಂಕಿ ತಪ್ಪು ಒಪ್ಪಿಸ್ದ. ಕೆಳಗಿನವನು ಕೂಗಾಡ್ಲಿಲ್ಲ, ಸರಿಯಾದ್ದು ಇನ್ನೊಂದು ಸಲ ಹೇಳ್ದ. ಪೈಲಟ್ "ಕರೆಕ್ಷನ್" ಅಂತ ಒಂದು ಮಾತು ಅಂದು, ಸರಿಯಾಗಿ ಹೇಳ್ದ. ಮುಗೀತು. ಅವನ ಮೀಸೆ ಮಣ್ಣಾಗ್ಲಿಲ್ಲ, ವಿಮಾನ ಬೀಳ್ಲಿಲ್ಲ.

ನನಗೆ ಉರಿದುಹೋಯ್ತು. ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಪೆಟ್ಟಿಗೆ ಹಿಡ್ಕೊಂಡೇ ಹಾಲಿಗೆ ಹೋದೆ.

"ಬನ್ನಿ ಇಲ್ಲಿ. ಕೇಳಿ ಇದನ್ನ. ಅಷ್ಟು ಜನರನ್ನ ಬೆನ್ನ ಮೇಲೆ ಕೂರಿಸ್ಕೊಂಡು ಮೋಡದಲ್ಲಿ ಬರ್ತಿರೋನು, ಊರೆಲ್ಲಾ ಕೇಳೋ ಹಾಗೆ ತಪ್ಪಾಯ್ತು ಅಂದ. ನೀವು ಸ್ವಂತ ಮಗಳ ಹತ್ರ, ಫೋನಲ್ಲಿ, ಮುಖ ಕೂಡ ಕಾಣಲ್ಲ, ಅಷ್ಟು ಹೇಳೋಕಾಗಲ್ವಾ?"

ಇವರು ಮೊದಲು ಪೆಟ್ಟಿಗೆ ನೋಡಿದ್ರು. "ಇಷ್ಟು ಕ್ಲಿಯರಾಗಿ ಹೇಗೆ ಬರ್ತಿದೆ?" ಅಂದ್ರು.

"ಪುಸ್ತಕ ಓದಿದೆ. ಮಾತು ಬದಲಾಯಿಸ್ಬೇಡಿ."

ಪೇಪರ್ ಮಡಚಿ ಪಕ್ಕಕ್ಕಿಟ್ರು. ಆಮೇಲೆ ಶೋಕೇಸ್ ಕಡೆ ನೋಡ್ತಾ ಹೇಳಿದ್ರು, "ಅವಳು ನನ್ನನ್ನ ಸೇಫ್ಟಿ ಮ್ಯಾನ್ ಅಂತಿದ್ಲು ಕಣೇ."

"ನನ್ನನ್ನ ಏನಂತಿದ್ಲು ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ರಾ?"

ಎದ್ದು ಹೋಗಿ ಫೋನ್ ತಗೊಂಡ್ರು. ಆಗ ನಮ್ಮನೇಲಿ ಒಂದೇ ಲೈನಿಗೆ ಎರಡು ಫೋನು, ಹಾಲಲ್ಲೊಂದು, ಮಹಡಿ ಮೇಲೊಂದು. ನಾನು ಮಹಡಿ ಹತ್ತಿ ಮೆತ್ತಗೆ ಅದನ್ನೆತ್ತಿ ಕಿವಿಗಿಟ್ಕೊಂಡೆ. ನಮಗಲ್ಲದ ಮಾತು ಕೇಳಬಾರದು ಅನ್ನೋ ಕಾನೂನು ಇದಕ್ಕೂ ಇದೆಯೋ ಏನೋ, ನಾನು ವಿಚಾರಿಸೋಕೆ ಹೋಗ್ಲಿಲ್ಲ.

"ಶುಭಾ, ಅಪ್ಪ. ಕರೆಕ್ಷನ್. ಆವತ್ತು ಸೆಲ್ ಇಟ್ಟಿದ್ದು ನಾನು. ಅಮ್ಮ ಅಲ್ಲ. ಅದನ್ನ ಚಾರ್ಜ್‌ಗೆ ಹಾಕಿದ್ದೂ ನಾನೇ. ತಪ್ಪಾಯ್ತು. ಅಮ್ಮಂಗೆ ಮಗೂನ ಕೊಡು, ನಾನು ಬೇಕಾದ್ರೆ ಇಲ್ಲೇ ಇರ್ತೀನಿ."

ನಾನು ಕೇಳಿದ್ದಕ್ಕಿಂತ ಜಾಸ್ತೀನೇ ಹೇಳಿದ್ರಲ್ಲ ಮಹಾರಾಯ. ಆ ಬಗ್ಗದ ಮನುಷ್ಯನ ಮೇಲಿದ್ದ ಕೋಪ ಅಲ್ಲೇ ಅರ್ಧ ಇಳೀತು. ಆಗ ಶುಭಾ ದನಿ ಬಂತು.

"ಗೊತ್ತಪ್ಪಾ. ಸೆಲ್ ಕಾಯಿಸೋದು ನೀನೇ ಅಂತ ನಂಗೆ ಚಿಕ್ಕೋಳಿದ್ದಾಗಿಂದ ಗೊತ್ತು. ಅದಲ್ಲ ವಿಷಯ. ನರ್ಸರೀಲಿ ಸೀಟು ಅದರ ಹಿಂದಿನ ವಾರಾನೇ ಹೇಳಿಟ್ಟಿದ್ದೆ. ಅಮ್ಮಂಗೆ ಹೇಗೆ ಹೇಳೋದು ಅಂತ ಗೊತ್ತಾಗ್ತಿರ್ಲಿಲ್ಲ. ಸೆಲ್ ಸಿಕ್ತು, ಹೇಳ್ಬಿಟ್ಟೆ. ಪ್ಲೀಸ್, ಅಮ್ಮಂಗೆ ಹೇಳ್ಬೇಡ."

"ಅಮ್ಮ ಲೈನಲ್ಲೇ ಇದಾಳೆ" ಅಂದೆ ನಾನು.

ಆ ಮೌನಕ್ಕೆ ಯಾವ ತಿರುಗಣೇನೂ ಬೇಕಾಗಿರ್ಲಿಲ್ಲ.

"ಅಮ್ಮ..."

"ಯಾಕೆ? ಅದನ್ನ ಹೇಳು ಮೊದಲು."

"ನೀನು ಬಂದ ಮೂರನೇ ದಿನಕ್ಕೆ ನನ್ನ ಕಿಚನ್ ನಂದಾಗಿರ್ಲಿಲ್ಲ ಅಮ್ಮ. ಡ್ರಾಯರ್ ತೆಗೆದ್ರೆ ಚಮಚ ಇಲ್ಲ, ಕಬರ್ಡ್ ತುಂಬಾ ರಾಗಿ. ಮಗು ಅತ್ರೆ ನಾನು ಎದ್ದೇಳೋಕೆ ಮುಂಚೆ ನೀನು ಎತ್ಕೊಂಡಿರ್ತಿದ್ದೆ. ಇನ್ನೂ ಎರಡು ತಿಂಗಳಾದ್ರೆ ಅವಳು ನಿನ್ನ ಮಗಳಾಗ್ಬಿಡ್ತಾಳೆ ಅನ್ನಿಸ್ತು. ಐ ವಾಸ್ ಸ್ಕೇರ್ಡ್."

"ಅದಕ್ಕೆ ನನ್ನ ತಲೆಗೆ ಸೆಲ್ ಕಟ್ಟಿದ್ಯಾ?"

"ಸಾರಿ ಅಮ್ಮ."

ಫೋನ್ ಕುಕ್ಕಿದೆ. ಕೆಳಗಿದ್ದ ಇವರ ಕಿವಿಗೂ ಆ ಏಟು ಬಿದ್ದಿರ್ಬೇಕು. ಇಷ್ಟು ದಿನ ಮಗಳ ಮೇಲೆ ಮಾಡ್ಕೋಬೇಕಾದ ಕೋಪ ಇವರ ಮೇಲೆ ಮಾಡ್ಕೊಂಡಿದ್ನಲ್ಲ ಅಂತ ಇನ್ನೂ ಕೋಪ. ಅಲ್ಲ, ಇವರ ಮೇಲೂ ಮಾಡ್ಕೋಬೇಕಾದ್ದೇ, ಆದ್ರೆ ಪೂರ್ತಿ ಇವರ ಮೇಲೇ ಖರ್ಚು ಮಾಡ್ಬಿಟ್ಟಿದ್ದೆ! ಪೆಟ್ಟಿಗೆ ಇವರ ಕೈಗೆ ಕೊಟ್ಟೆ. ಸೆಲ್ ಹಾಕೋದು ತೆಗೆಯೋದು ಮಾತ್ರ ಇನ್ನು ಮೇಲೆ ನನ್ನ ಕೆಲಸ ಅಂದೆ. ತಲೆ ಆಡಿಸಿದ್ರು.

ಮಗು ನರ್ಸರಿಗೆ ಹೋಯ್ತು. ರಾಗಿ ಪುಡೀಲಿ ಇವರಿಗೇ ಅಂಬಲಿ ಮಾಡಿ ಹಾಕಿದೆ. ಸ್ವಲ್ಪ ದಿನ ಆದ್ಮೇಲೆ ಶುಭಾ ಫೋನ್ ಮಾಡಿದ್ಲು. ಮಾತಿನ ಮಧ್ಯೆ, ಏನೋ ನೆನಪಾದ ಹಾಗೆ, "ಅಮ್ಮ, ಶುಕ್ರವಾರ ನರ್ಸರಿಗೆ ಹಾಕಿಲ್ಲ. ನೀನು ಬರ್ತೀಯಾ?" ಅಂದ್ಲು.

"ನನ್ನ ರೋಟಾ ನೋಡಿ ಹೇಳ್ತೀನಿ" ಅಂದೆ. ಒಂದು ಪೂರ್ತಿ ದಿನ ಕಾಯಿಸಿ ಹ್ಞೂಂ ಅಂದೆ. ಆಮೇಲೆ ಆ ಮಗು ಸ್ಕೂಲಿಗೆ ಸೇರೋತನಕ ನನ್ನ ಶುಕ್ರವಾರ ತಪ್ಪಲಿಲ್ಲ, ಗುಡ್ಡದ ಮೇಲೆ ಹಿಮ ಬಿದ್ದ ದಿನ ಬಿಟ್ಟು. ಅವಳ ಅಡುಗೆಮನೇಲಿ ಒಂದು ಚಮಚಾನೂ ಜಾಗ ಬದಲಾಯಿಸ್ಲಿಲ್ಲ. ಕೈ ಕಡೀತಿತ್ತು, ಆದ್ರೂ ಮಾಡ್ಲಿಲ್ಲ. ಆ ಫೋನಿನ ಮಾತು ಮಾತ್ರ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆ ಮಗು ಈಗ ಯೂನಿವರ್ಸಿಟಿ ಮುಗಿಸ್ತಿದೆ. ನೋಡಿ, ಅಷ್ಟು ವರ್ಷ ಮೂರೂ ಜನ ಆ ಮಾತಿನ ಸುತ್ತ ನಡೆದಾಡಿದೀವಿ, ಮನೆ ಮಧ್ಯೆ ಕಂಬ ಇದ್ದ ಹಾಗೆ.

ಇಷ್ಟು ಟೈಪ್ ಮಾಡಿ ಹೆಬ್ಬೆಟ್ಟು ನೋಯ್ತಿದೆ. ಫೋನು ಬದುಕಿದೆ, ಈಗ ಅದರದ್ದೇ ಚಾರ್ಜರ್‌ಗೆ ಹಾಕಿ ಮೇಜಿನ ಮೇಲಿಟ್ಕೊಂಡೇ ಒತ್ತುತಿದೀನಿ. ಹಾಲಲ್ಲಿ ಇವರು ಬೈಸ್ಕೊಂಡ ಮುಖ ಮಾಡ್ಕೊಂಡು ಕೂತಿದಾರೆ. ಬೆಳಿಗ್ಗೆ ಇವರಿಗೆ ಅಷ್ಟೊಂದು ಬೈದಿದ್ದು ಇವರಿಗಲ್ಲ ಅಂತ ಬರೀತಾ ಬರೀತಾ ಗೊತ್ತಾಯ್ತು ನನಗೆ. ಪಾಪ, ಇವರು ಆವತ್ತೇ ಕರೆಕ್ಷನ್ ಅಂದಿದ್ರು.

ಅದಕ್ಕೆ ಒಂದು ಕೆಲಸ ಮಾಡ್ದೆ. ಶುಭಾಗೆ ಮೆಸೇಜ್ ಹಾಕಿದೆ, ಕನ್ನಡದಲ್ಲೇ. ಅವಳಿಗೆ ಓದೋಕೆ ಬರತ್ತೆ, ನಿಧಾನ. "ಆ ಸೆಲ್ಲಿನ ವಿಷಯದಲ್ಲಿ ನನಗಿನ್ನೂ ಕೋಪ ಇದೆ. ಅಪ್ಪನ ಮೇಲಲ್ಲ, ನಿನ್ನ ಮೇಲೆ. ನರ್ಸರಿ ಬೇಕು ಅಂತ ನೇರವಾಗಿ ಹೇಳಿದ್ರೆ ನಾನು ಒಂದು ವಾರ ಅತ್ತು ಸುಮ್ನಾಗ್ತಿದ್ದೆ."

ತುಂಬಾ ಹೊತ್ತು ಏನೂ ಬರ್ಲಿಲ್ಲ. ಅಕ್ಷರ ಕೂಡಿಸ್ಕೊಂಡು ಓದ್ತಿದಾಳೆ ಅಂದ್ಕೊಂಡೆ. ಆಮೇಲೆ ಟಿಂಗ್ ಅಂತು.

"ಒಂದು ವಾರ ಅಲ್ಲ ಅಮ್ಮ, ಒಂದು ವರ್ಷ ಅಳ್ತಿದ್ದೆ ನೀನು. ಈಗ ಹೊರಡ್ತಿದೀನಿ. ಎದುರಿಗೇ ನನ್ನ ಬೈದ್ಬಿಡು."

ಬ್ರೂಮ್‌ಹಿಲ್ಲಿಂದ ಗುಡ್ಡ ದಾಟಿ ಬರೋಕೆ ಒಂದು ಗಂಟೆ ಮೇಲಾಗತ್ತೆ. ಏನೇನು ಬೈಬೇಕು ಅಂತ ಸಾಲಾಗಿ ಜೋಡಿಸ್ಕೊಳ್ಳೋಕೆ ಅಷ್ಟು ಸಾಕು. ಇವರು ಬಾಗಿಲಿಂದ ಇಣುಕಿ, "ಯಾರು ಬರ್ತಿರೋದು?" ಅಂದ್ರು. "ಶುಭಾ. ನೀವು ಮಧ್ಯೆ ಬಾಯಿ ಹಾಕ್ಬೇಡಿ, ಇದು ನಮ್ಮಿಬ್ಬರ ವಿಷಯ" ಅಂದೆ.